ಮೊದಲ ಸಲ ದೆಹಲಿಗೆ ಬರುವವರಿಗೆ: ಮೆಟ್ರೊ, ಬಸ್ಸು, ಆಟೊ ಹಿಡಿಯುವ ಬಗೆ

ಊರಿನಿಂದ ಯಾರಾದರೂ ದೆಹಲಿಗೆ ಹೊರಟರೆಂದರೆ ನನಗೊಂದು ಫೋನು ಬರುತ್ತದೆ. ಒಬ್ಬರಿಗೆ ಏಮ್ಸ್‌ನಲ್ಲಿ ತೋರಿಸಬೇಕು, ಇನ್ನೊಬ್ಬರ ಮಗಳಿಗೆ ಯುಪಿಎಸ್‌ಸಿ ಸಂದರ್ಶನ, ಮತ್ತೊಬ್ಬರು ಹರಿದ್ವಾರಕ್ಕೆ ಹೋಗುವ ದಾರಿಯಲ್ಲಿ ಎರಡು ದಿನ ಉಳಿದು ಕೆಂಪುಕೋಟೆ ನೋಡಿಕೊಂಡು ಹೋಗುವವರು. ಎಲ್ಲರೂ ಕೇಳುವುದು ಒಂದೇ ಮಾತು: "ಸ್ಟೇಷನ್ನಿಂದ ಹೇಗೆ ಬರೋದು, ಟ್ಯಾಕ್ಸಿ ಮಾಡ್ಲಾ?" ಬೇಡ ಅನ್ನುತ್ತೇನೆ. ಭಾಷೆ ಬರದ ಊರಿನಲ್ಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಡ್ರೈವರ್ ಹೇಳಿದ್ದೇ ದಾರಿ ಎಂದು ಕೂರುವುದಕ್ಕಿಂತ ಮೆಟ್ರೊ ಎಷ್ಟೋ ವಾಸಿ. ಹಿಂದಿ ಬಾರದ ನಮ್ಮಮ್ಮ ಕೂಡ ಈಗ ಒಬ್ಬರೇ ಓಡಾಡುತ್ತಾರೆ. ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುನ್ನ ಒಂದು ಚೀಟಿ

ಮೊದಲು ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ. ಇಳಿಯಬೇಕಾದ ಮೆಟ್ರೊ ಸ್ಟೇಷನ್ ಯಾವುದು. ಅದು ಯಾವ ಬಣ್ಣದ ಮಾರ್ಗ. ನೀವು ಹತ್ತುವ ರೈಲಿನ ಕಟ್ಟಕಡೆಯ ಸ್ಟೇಷನ್ ಯಾವುದು. ಇಳಿದ ಮೇಲೆ ಎಷ್ಟನೇ ನಂಬರಿನ ಗೇಟಿನಿಂದ ಹೊರಗೆ ಬರಬೇಕು. ಮೊದಲ ಎರಡನ್ನು ಎಲ್ಲರೂ ಕೇಳಿಕೊಂಡೇ ಬರುತ್ತಾರೆ. ಕೊನೆಯ ಎರಡನ್ನು ಕೇಳುವವರು ಕಡಿಮೆ, ದಾರಿ ತಪ್ಪುವುದೂ ಅಲ್ಲೇ.

ಚೀಟಿಯನ್ನು ಫೋನಿನಲ್ಲಿಟ್ಟುಕೊಂಡರೆ ಸಾಲದು, ಕಾಗದದ ಮೇಲೂ ಇರಲಿ. ಎರಡು ರಾತ್ರಿ ರೈಲಿನಲ್ಲಿ ಕಳೆದು ಇಳಿಯುವ ಹೊತ್ತಿಗೆ ಫೋನಿನ ಬ್ಯಾಟರಿ ಎಷ್ಟು ಉಳಿದಿರುತ್ತದೆ ಎಂಬುದು ನಿಮಗೇ ಗೊತ್ತು. ಸ್ಟೇಷನ್ ಹೆಸರನ್ನು ಇಂಗ್ಲಿಷಿನಲ್ಲೂ ಬರೆದುಕೊಳ್ಳಿ. ಮೆಟ್ರೊದ ಬೋರ್ಡುಗಳೆಲ್ಲ ಹಿಂದಿ ಮತ್ತು ಇಂಗ್ಲಿಷಿನಲ್ಲಿವೆ. ಬಾಯಲ್ಲಿ ಕೇಳುವಾಗ "ಹಳದಿ" ಅಂದರೆ ಯಾರಿಗೂ ತಿಳಿಯದು. ಯೆಲ್ಲೋ, ಬ್ಲೂ, ಪಿಂಕ್, ವಯೊಲೆಟ್ ಎಂದೇ ಕೇಳಬೇಕು.

ಇನ್ನೊಂದು ಮಾತು. ಕೆಲವು ಸ್ಟೇಷನ್ನುಗಳ ಹೆಸರು ಬದಲಾಗಿದೆ, ಜನರ ಬಾಯಲ್ಲಿ ಮಾತ್ರ ಹಳೆಯದೇ ಉಳಿದಿದೆ. ಪ್ರಗತಿ ಮೈದಾನ್ ಈಗ ಸುಪ್ರೀಂ ಕೋರ್ಟ್, ರೇಸ್ ಕೋರ್ಸ್ ಈಗ ಲೋಕ್ ಕಲ್ಯಾಣ್ ಮಾರ್ಗ್. ಹಳದಿ ಮಾರ್ಗದ ದಕ್ಷಿಣ ತುದಿಯ ಹುಡಾ ಸಿಟಿ ಸೆಂಟರ್ 2023ರಲ್ಲಿ ಮಿಲೇನಿಯಂ ಸಿಟಿ ಸೆಂಟರ್ ಗುರುಗ್ರಾಮ್ ಆಯಿತು. ಯಾರಾದರೂ "ಹುಡಾ ಕಡೆಗೆ ಹೋಗುವ ಗಾಡಿ ಹತ್ತಿ" ಅಂದರೆ ಗಾಬರಿಯಾಗಬೇಡಿ.

ಇಳಿದ ಕೂಡಲೇ ಮೆಟ್ರೊ ಎಲ್ಲಿ

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರು ಇಳಿಯುವುದು ನವದೆಹಲಿ ಸ್ಟೇಷನ್ನಿನಲ್ಲಿ. ಆ ಸ್ಟೇಷನ್ನಿಗೆ ಎರಡು ಮುಖ. ಒಂದನೇ ಪ್ಲಾಟ್‌ಫಾರಂ ಕಡೆಯದು ಪಹಾಡ್‌ಗಂಜ್, ಹದಿನಾರನೇ ಪ್ಲಾಟ್‌ಫಾರಂ ಕಡೆಯದು ಅಜ್ಮೇರಿ ಗೇಟ್. ಮೆಟ್ರೊ ಇರುವುದು ಅಜ್ಮೇರಿ ಗೇಟ್ ಕಡೆ. ಮೇಲ್ಸೇತುವೆ ಹತ್ತಿದ ಮೇಲೆ ಜನ ಎರಡೂ ಕಡೆಗೆ ಹರಿಯುತ್ತಿರುತ್ತಾರೆ. ಅವರ ಹಿಂದೆ ಸುಮ್ಮನೆ ಹೋಗಬೇಡಿ, ಬೋರ್ಡು ನೋಡಿ ಅಜ್ಮೇರಿ ಗೇಟ್ ಕಡೆಗೇ ನಡೆಯಿರಿ. ತಪ್ಪಿ ಪಹಾಡ್‌ಗಂಜ್ ಕಡೆ ಇಳಿದರೆ ಸಾಮಾನು ಹೊತ್ತು ಮತ್ತೆ ಅದೇ ಸೇತುವೆ ಹತ್ತಬೇಕು.

ಬೆಂಗಳೂರಿನ ರಾಜಧಾನಿ, ಮಂಗಳೂರು, ಉಡುಪಿ ಕಡೆಯಿಂದ ಬರುವ ಮಂಗಳಾ, ಬೆಳಗಾವಿ ಮೇಲಿಂದ ಬರುವ ಗೋವಾ ಎಕ್ಸ್‌ಪ್ರೆಸ್ ಇವೆಲ್ಲ ಹಜರತ್ ನಿಜಾಮುದ್ದೀನಿಗೆ ಬರುತ್ತವೆ. ಅಲ್ಲಿ ಸರಾಯ್ ಕಾಲೇ ಖಾನ್ ಕಡೆಯ ಬಾಗಿಲಿನಿಂದ ಹೊರಬನ್ನಿ. ಗುಲಾಬಿ ಮಾರ್ಗದ ಮೆಟ್ರೊ ಸ್ಟೇಷನ್, ಅಂತರರಾಜ್ಯ ಬಸ್ ನಿಲ್ದಾಣ ಎರಡೂ ಆ ಕಡೆಗೇ ಇವೆ.

ವಿಮಾನದಲ್ಲಿ ಬರುವವರು ಟಿಕೆಟ್ಟಿನ ಮೇಲೆ ಟರ್ಮಿನಲ್ ಸಂಖ್ಯೆ ನೋಡಿಕೊಳ್ಳಬೇಕು. ಟರ್ಮಿನಲ್ 3ರ ಎದುರಿಗೇ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಇದೆ. ನವದೆಹಲಿಗೆ ಸುಮಾರು ಇಪ್ಪತ್ತು ನಿಮಿಷ, ದೆಹಲಿಯ ರಸ್ತೆಯಲ್ಲಿ ಕನಸಿನಲ್ಲೂ ಆಗದ ವೇಗ. ಟರ್ಮಿನಲ್ 2ರಿಂದ ಅದೇ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಟರ್ಮಿನಲ್ 1 ಮಾತ್ರ ಬೇರೆ ಜಾಗದಲ್ಲಿದೆ, ಅಲ್ಲಿಗೆ ಮೆಜೆಂಟಾ ಮಾರ್ಗದ ಸ್ಟೇಷನ್ನು. ಎರಡನ್ನೂ ಕಲಸಿಕೊಳ್ಳಬೇಡಿ.

ಟಿಕೆಟ್ಟು

2002ರ ಡಿಸೆಂಬರಿನಲ್ಲಿ ಶಾಹದರಾ ಮತ್ತು ತೀಸ್ ಹಜಾರಿ ನಡುವೆ ಮೊದಲ ಮೆಟ್ರೊ ಓಡಿದಾಗಿನಿಂದ ಹಲವು ವರ್ಷ ಇಲ್ಲಿ ಪ್ಲಾಸ್ಟಿಕ್ ಟೋಕನ್ ಇತ್ತು. ಈಗ ಕ್ಯುಆರ್ ಟಿಕೆಟ್. ಕೌಂಟರಿನಲ್ಲೋ ಯಂತ್ರದಲ್ಲೋ ಕಾಗದದ ಟಿಕೆಟ್ ಸಿಗುತ್ತದೆ, ಫೋನಿನಲ್ಲೂ ತೆಗೆದುಕೊಳ್ಳಬಹುದು. ಒಳಗೆ ಹೋಗುವಾಗ ತೋರಿಸಿದ ಟಿಕೆಟ್ಟನ್ನೇ ಹೊರಗೆ ಬರುವಾಗಲೂ ತೋರಿಸಬೇಕು. ಹಾಗಾಗಿ ಕಾಗದದ್ದನ್ನು ಮುದುರಿ ಜೇಬಿಗೆ ಹಾಕಬೇಡಿ, ಫೋನಿನದ್ದಾದರೆ ಇಳಿಯುವವರೆಗೂ ಚಾರ್ಜ್ ಇರುವ ಹಾಗೆ ನೋಡಿಕೊಳ್ಳಿ. ಮನೆಮಂದಿಯೆಲ್ಲ ಒಂದೇ ಫೋನಿನಲ್ಲಿ ಟಿಕೆಟ್ ತೆಗೆದುಕೊಂಡರೆ ಗೇಟಿನಲ್ಲಿ ಒಬ್ಬೊಬ್ಬರಿಗೂ ಫೋನು ದಾಟಿಸುತ್ತ ನಿಲ್ಲಬೇಕಾಗುತ್ತದೆ, ಹಿಂದಿನವರು ಗೊಣಗುತ್ತಾರೆ. ಮೂವರಿಗಿಂತ ಹೆಚ್ಚಿದ್ದರೆ ಕಾಗದದ ಟಿಕೆಟ್ಟೇ ಸಲೀಸು.

ನಾಲ್ಕೈದು ದಿನ ಇರುವವರಿಗೆ ಕಾರ್ಡು ಒಳ್ಳೆಯದು. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಎನ್‌ಸಿಎಂಸಿ ಕಾರ್ಡ್ (ಬೇರೆ ಬೇರೆ ಊರಿನ ಮೆಟ್ರೊಗಳಲ್ಲಿ ನಡೆಯುವ ಒಂದೇ ಕಾರ್ಡು) ಬಳಸುತ್ತಿದ್ದರೆ ಅದೇ ಇಲ್ಲೂ ನಡೆಯುತ್ತದೆ. ನಮ್ಮ ಮೆಟ್ರೊದ ಹಳೆಯ ಸ್ಮಾರ್ಟ್ ಕಾರ್ಡ್ ಮಾತ್ರ ನಡೆಯದು. ಎನ್‌ಸಿಎಂಸಿ ಕಾರ್ಡಿಗೆ ಫೋನಿನಲ್ಲಿ ದುಡ್ಡು ಹಾಕಿದರೆ ಅದು ತಕ್ಷಣ ಕಾರ್ಡಿನ ಚಿಪ್ಪಿಗೆ ಇಳಿಯುವುದಿಲ್ಲ, ಒಮ್ಮೆ ಯಂತ್ರಕ್ಕೆ ಮುಟ್ಟಿಸಿ ಬ್ಯಾಲೆನ್ಸ್ ಅಪ್‌ಡೇಟ್ ಮಾಡಬೇಕು. ಈ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿಕೊಂಡು ಬಂದರೆ ಇಲ್ಲಿ ಪರದಾಟ ತಪ್ಪುತ್ತದೆ.

2025ರ ಆಗಸ್ಟ್ 25ರಿಂದ ಜಾರಿಗೆ ಬಂದ ದರದಲ್ಲಿ ಅತಿ ಕಡಿಮೆ ಅಂದರೆ 11 ರೂಪಾಯಿ, ಎಷ್ಟೇ ದೂರವಾದರೂ 64 ರೂಪಾಯಿ. ಭಾನುವಾರ ಮತ್ತು ರಾಷ್ಟ್ರೀಯ ರಜೆಗಳಂದು ಇನ್ನೂ ಕಡಿಮೆ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ಸಿನ ದರ ಬೇರೆ.

ತಪಾಸಣೆ: ಇಲ್ಲೇ ಹೆಚ್ಚು ಹೊತ್ತು ಹಿಡಿಯುವುದು

ಪ್ರತಿ ಸ್ಟೇಷನ್ನಿನಲ್ಲೂ ಬ್ಯಾಗು ಎಕ್ಸ್‌ರೇ ಯಂತ್ರಕ್ಕೆ, ಮನುಷ್ಯರು ಲೋಹಶೋಧಕದ ಬಾಗಿಲಿಗೆ. ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಹೆಂಗಸರ ಸಾಲು ಬೇಗ ಮುಗಿಯುತ್ತದೆ. ಹೀಗಾಗಿ ವಯಸ್ಸಾದ ಅಮ್ಮ ಮೊದಲೇ ಒಳಗೆ ಹೋಗಿ, ಅಪ್ಪ ಕಾಣಲಿಲ್ಲವೆಂದು ಗಾಬರಿಬಿದ್ದು ಅತ್ತಿತ್ತ ಹುಡುಕತೊಡಗುತ್ತಾರೆ. ಅದಕ್ಕೇ ನಾನು ಎಲ್ಲರಿಗೂ ಒಂದು ಮಾತು ಹೇಳುತ್ತೇನೆ: ಎಕ್ಸ್‌ರೇ ಯಂತ್ರ ದಾಟಿದ ಮೇಲೆ ಅಲ್ಲೇ ಪಕ್ಕದಲ್ಲಿ ನಿಲ್ಲಿ, ಎಲ್ಲರೂ ಸೇರಿದ ಮೇಲೇ ಟಿಕೆಟ್ ಗೇಟಿನ ಕಡೆ ಹೋಗಿ.

ಹರಿತವಾದ ದೊಡ್ಡ ಅಲಗುಗಳನ್ನು ಬಿಡುವುದಿಲ್ಲ. ನಮ್ಮ ಅತ್ತಿಗೆ ಒಮ್ಮೆ ನನಗೆಂದು ಶಿರಸಿಯಿಂದ ಈಳಿಗೆಮಣೆ ತಂದಿದ್ದರು. ಪತ್ರಿಕೆಯಲ್ಲಿ ಸುತ್ತಿ, ಸೀರೆಯ ಮಡಿಕೆಯಲ್ಲಿಟ್ಟು, ಅಷ್ಟು ದೂರ ಜೋಪಾನವಾಗಿ ಹೊತ್ತು ತಂದದ್ದು. ಎಕ್ಸ್‌ರೇ ಪರದೆಯಲ್ಲಿ ಆ ಬಾಗಿದ ಅಲಗು ಎದ್ದು ಕಂಡಿತು. ಅದೇನೆಂದು ಹಿಂದಿಯಲ್ಲಿ ವಿವರಿಸುವುದು ಅವರಿಗಾಗಲಿಲ್ಲ, ನಾನು ಹೋಗಿ ಆಟೊದಲ್ಲಿ ಕರೆದುಕೊಂಡು ಬಂದೆ. ತರಕಾರಿ ಚಾಕು, ಕತ್ತಿ, ಈಳಿಗೆ ಸಾಮಾನಿನಲ್ಲಿದ್ದರೆ ಸ್ಟೇಷನ್ನಿನ ಪ್ರೀಪೇಯ್ಡ್ ಆಟೊ ಹಿಡಿಯುವುದೇ ಸರಿ.

ದಿಕ್ಕು ಗೊತ್ತುಮಾಡಿಕೊಳ್ಳುವುದು

ಪ್ಲಾಟ್‌ಫಾರಮ್ಮಿಗೆ ಇಳಿಯುವ ಮೊದಲೇ ಬೋರ್ಡಿನಲ್ಲಿ ಮಾರ್ಗದ ಕಟ್ಟಕಡೆಯ ಸ್ಟೇಷನ್ ಬರೆದಿರುತ್ತದೆ. ಹಳದಿ ಮಾರ್ಗದಲ್ಲಿ ಉತ್ತರಕ್ಕೆ ಹೋಗುವುದು ಸಮಯ್‌ಪುರ್ ಬಾದ್ಲಿ, ದಕ್ಷಿಣಕ್ಕೆ ಮಿಲೇನಿಯಂ ಸಿಟಿ ಸೆಂಟರ್. ನೀವು ಇಳಿಯುವ ಸ್ಟೇಷನ್ ಯಾವ ಕೊನೆಯ ಕಡೆ ಇದೆಯೋ ಆ ಹೆಸರಿನ ಕಡೆ ಹೋಗಿ.

ನೀಲಿ ಮಾರ್ಗ ಮಾತ್ರ ಎಚ್ಚರ ಬೇಡುತ್ತದೆ. ಯಮುನಾ ಬ್ಯಾಂಕ್‌ನಲ್ಲಿ ಅದು ಎರಡಾಗಿ ಒಡೆಯುತ್ತದೆ. ಒಂದು ಕವಲು ನೋಯ್ಡಾ ಎಲೆಕ್ಟ್ರಾನಿಕ್ ಸಿಟಿಗೆ, ಇನ್ನೊಂದು ವೈಶಾಲಿಗೆ. ಅಕ್ಷರಧಾಮಕ್ಕೆ ನೋಯ್ಡಾ ಕಡೆಯದೇ ಬೇಕು, ಆನಂದ್ ವಿಹಾರ್ ಬಸ್ ನಿಲ್ದಾಣಕ್ಕೆ ವೈಶಾಲಿಯದೇ ಬೇಕು. ಎರಡೂ ಒಂದೇ ಪ್ಲಾಟ್‌ಫಾರಮ್ಮಿಗೆ, ಒಂದರ ಹಿಂದೆ ಒಂದು ಬರುತ್ತವೆ. ರೈಲಿನ ನೆತ್ತಿಯ ಮೇಲೆ, ಪ್ಲಾಟ್‌ಫಾರಮ್ಮಿನ ಪರದೆಯ ಮೇಲೆ ಹೆಸರು ಓದಿಯೇ ಹತ್ತಿ. ತಪ್ಪಿ ಹತ್ತಿದರೂ ಚಿಂತೆ ಬೇಡ, ಯಮುನಾ ಬ್ಯಾಂಕ್‌ನಲ್ಲಿ ಇಳಿದು ಸರಿಯಾದ ಗಾಡಿ ಹಿಡಿದರಾಯಿತು.

ಒಳಗೆ ಕೂತ ಮೇಲೆ ಕಿವಿಗೆ ಬೀಳುವುದು ಹೀಗೆ: "ಅಗಲಾ ಸ್ಟೇಷನ್ ಪಟೇಲ್ ಚೌಕ್ ಹೈ. ದರ್ವಾಜೇ ಬಾಯೀ ಓರ್ ಖುಲೇಂಗೇ." ಅಗಲಾ ಅಂದರೆ ಮುಂದಿನ, ಬಾಯೀ ಓರ್ ಅಂದರೆ ಎಡಗಡೆ, ದಾಯೀ ಓರ್ ಅಂದರೆ ಬಲಗಡೆ. ಈ ಮೂರು ಪದ ಕಲಿತರೆ ಯಾವ ಬಾಗಿಲಿನ ಹತ್ತಿರ ನಿಲ್ಲಬೇಕೆಂಬುದು ಮೊದಲೇ ತಿಳಿಯುತ್ತದೆ. ಜನ ತುಂಬಿದಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ತಪ್ಪು ಬದಿಯಲ್ಲಿ ನಿಂತಿದ್ದರೆ ಇಳಿಯುವುದೇ ಆಗುವುದಿಲ್ಲ.

ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಪೂರ್ತಿ ಮಹಿಳೆಯರಿಗೆ. ಪ್ಲಾಟ್‌ಫಾರಮ್ಮಿನ ನೆಲದ ಮೇಲೆ ಗುಲಾಬಿ ಗುರುತು ಇರುತ್ತದೆ. ಒಬ್ಬರೇ ಬರುವ ಹೆಣ್ಣುಮಕ್ಕಳಿಗೆ, ಅದರಲ್ಲೂ ರಾತ್ರಿ ಹೊತ್ತು, ಆ ಬೋಗಿಯೇ ಸರಿ ಎಂದು ನಾನು ಒತ್ತಿ ಹೇಳುತ್ತೇನೆ. ಗಂಡಸರು ಓಡಿ ಬಂದು ಅವಸರದಲ್ಲಿ ಅದಕ್ಕೆ ಹತ್ತಿದರೆ ದಂಡ ಕಟ್ಟಬೇಕಾಗುತ್ತದೆ. ಎಲ್ಲ ಬೋಗಿಗಳಲ್ಲೂ ಬಾಗಿಲ ಪಕ್ಕದ ಕೆಲವು ಸೀಟು ಹಿರಿಯರಿಗೆ, ಅಂಗವಿಕಲರಿಗೆ ಮೀಸಲು. ಯಾರಾದರೂ ಕೂತಿದ್ದರೆ ಸಂಕೋಚ ಬೇಡ, ಕೇಳಿ. ಹೆಚ್ಚಿನವರು ಎದ್ದು ಕೊಡುತ್ತಾರೆ.

ಮಾರ್ಗ ಬದಲಿಸುವಾಗ

ಏಮ್ಸ್‌ಗೆ ಹೋಗುವ ದಾರಿಯನ್ನೇ ತೆಗೆದುಕೊಳ್ಳೋಣ. ನವದೆಹಲಿಯಲ್ಲಿ ಇಳಿದವರಿಗೆ ಬದಲಿಸುವ ತೊಂದರೆಯೇ ಇಲ್ಲ. ಹಳದಿ ಮಾರ್ಗದಲ್ಲಿ ಮಿಲೇನಿಯಂ ಸಿಟಿ ಸೆಂಟರ್ ಕಡೆಗೆ ಹೊರಟರೆ ಎಂಟನೇ ಸ್ಟೇಷನ್ನೇ ಏಮ್ಸ್. ನಿಜಾಮುದ್ದೀನಿನಲ್ಲಿ ಇಳಿದವರು ಸರಾಯ್ ಕಾಲೇ ಖಾನ್‌ನಿಂದ ಗುಲಾಬಿ ಮಾರ್ಗ ಹಿಡಿದು ಆಶ್ರಮ್, ವಿನೋಬಾಪುರಿ, ಲಾಜ್‌ಪತ್ ನಗರ್, ಸೌತ್ ಎಕ್ಸ್‌ಟೆನ್ಷನ್ ದಾಟಿ ದಿಲ್ಲಿ ಹಾಟ್ ಐಎನ್‌ಎ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿ ಹಳದಿಗೆ ಬದಲಿಸಿದರೆ ಮುಂದಿನದೇ ಏಮ್ಸ್. ಟರ್ಮಿನಲ್ 1ರಿಂದ ಬರುವವರು ಮೆಜೆಂಟಾದಲ್ಲಿ ಹೌಜ್ ಖಾಸ್‌ವರೆಗೆ ಬಂದು, ಹಳದಿಯಲ್ಲಿ ಸಮಯ್‌ಪುರ್ ಬಾದ್ಲಿ ಕಡೆಗೆ ಎರಡು ಸ್ಟೇಷನ್ ಹೋಗಬೇಕು.

ಬದಲಿಸುವಾಗ ಹೊರಗೆ ಬರಬೇಕಿಲ್ಲ, ಹೊಸ ಟಿಕೆಟ್ಟೂ ಬೇಕಿಲ್ಲ. ದೊಡ್ಡ ಸ್ಟೇಷನ್ನುಗಳಲ್ಲಿ ನೆಲದ ಮೇಲೆ ಆಯಾ ಮಾರ್ಗದ ಬಣ್ಣದ ಹೆಜ್ಜೆಗುರುತು ಬಿಡಿಸಿರುತ್ತಾರೆ. ನಮ್ಮಮ್ಮ ಬೋರ್ಡು ಓದುವುದೇ ಇಲ್ಲ, ತಲೆ ತಗ್ಗಿಸಿ ಆ ಹೆಜ್ಜೆಗಳ ಮೇಲೆಯೇ ಹೆಜ್ಜೆಯಿಟ್ಟು ಹೋಗಿಬಿಡುತ್ತಾರೆ. ಒಂದು ದಿನವೂ ತಪ್ಪಿಲ್ಲ.

ಎಲ್ಲ ಬದಲಾವಣೆಗಳೂ ಒಂದೇ ಸಮ ಅಲ್ಲ. ಹೌಜ್ ಖಾಸ್‌ನ ಮೆಜೆಂಟಾ ಪ್ಲಾಟ್‌ಫಾರಂ ಸುಮಾರು 29 ಮೀಟರ್ ಆಳದಲ್ಲಿದೆ, ಎಸ್ಕಲೇಟರ್ ಮೇಲೆ ಎಸ್ಕಲೇಟರ್. ಏರ್‌ಪೋರ್ಟ್ ಎಕ್ಸ್‌ಪ್ರೆಸ್ಸಿನ ಧೌಲಾ ಕುವಾಂನಿಂದ ಗುಲಾಬಿ ಮಾರ್ಗದ ದುರ್ಗಾಬಾಯಿ ದೇಶಮುಖ್ ಸೌತ್ ಕ್ಯಾಂಪಸ್‌ಗೆ ಹೋಗುವ ಮೇಲ್ಸೇತುವೆ ಒಂದು ಕಿಲೊಮೀಟರಿಗಿಂತ ಉದ್ದ. ಚಲಿಸುವ ನೆಲಹಾಸು ಇದ್ದರೂ ಮಂಡಿನೋವಿನವರಿಗೆ ಅದು ದೂರವೇ. ಅಂಥವರು ನವದೆಹಲಿಯವರೆಗೆ ಹೋಗಿ ಬದಲಿಸುವುದು ಮೇಲು. ಎಸ್ಕಲೇಟರಿಗೆ ಹೆದರುವವರು "ಲಿಫ್ಟ್ ಕಿಧರ್ ಹೈ?" ಎಂದು ಸಮವಸ್ತ್ರದವರನ್ನು ಕೇಳಿದರೆ ತೋರಿಸುತ್ತಾರೆ.

ಇನ್ನು ರಾಜೀವ್ ಚೌಕ್. ಹಳದಿಯೂ ನೀಲಿಯೂ ಕೂಡುವ ಜಾಗ, ಕನಾಟ್ ಪ್ಲೇಸಿನ ಕೆಳಗೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟರವರೆಗೆ ಅಲ್ಲಿ ಸಾಮಾನಿನ ಜೊತೆ, ಮಕ್ಕಳ ಜೊತೆ ಬದಲಿಸಲು ಹೋಗಬೇಡಿ. ನೋಯ್ಡಾದಿಂದ ದಕ್ಷಿಣ ದೆಹಲಿಗೆ ಬರುವವರು ಬೊಟಾನಿಕಲ್ ಗಾರ್ಡನ್‌ನಲ್ಲೇ ಮೆಜೆಂಟಾ ಹಿಡಿದರೆ ರಾಜೀವ್ ಚೌಕ್ ಮುಖ ನೋಡಬೇಕಾಗಿಲ್ಲ.

ಗೇಟ್ ನಂಬರು

ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಚಿಕ್ಕಪ್ಪನನ್ನು ಏಮ್ಸ್‌ಗೆ ಕರೆಸಿದಾಗ ನಾನೇ ಇದನ್ನು ಹೇಳಲು ಮರೆತಿದ್ದೆ. ಏಮ್ಸ್ ಮೆಟ್ರೊ ಇರುವುದು ಅರವಿಂದೋ ಮಾರ್ಗದ ಕೆಳಗೆ. ರಸ್ತೆಯ ಒಂದು ಬದಿಗೆ ಏಮ್ಸ್, ಇನ್ನೊಂದು ಬದಿಗೆ ಸಫ್ದರ್‌ಜಂಗ್ ಆಸ್ಪತ್ರೆ. ಎರಡೂ ದೊಡ್ಡ ಆಸ್ಪತ್ರೆಗಳು, ಎರಡರ ಮುಂದೆಯೂ ಅಷ್ಟೇ ಜನ. ಚಿಕ್ಕಪ್ಪ ಹತ್ತಿರದ ಮೆಟ್ಟಿಲು ಹತ್ತಿ ಸಫ್ದರ್‌ಜಂಗ್ ಕಡೆ ಎದ್ದರು. ಎದುರಿಗೆ ಆಸ್ಪತ್ರೆ ಕಂಡಿತು, ಒಳಗೆ ಹೋಗಿ ಸಾಲಿನಲ್ಲಿ ನಿಂತರು. ಮುಕ್ಕಾಲು ಗಂಟೆಯ ನಂತರ ಕೌಂಟರಿನವರು ಅವರ ಕಾಗದ ನೋಡಿ ಎದುರಿನ ಕಡೆ ಕೈ ತೋರಿಸಿದಾಗಲೇ ಗೊತ್ತಾದದ್ದು. ಆ ದಿನದ ಅವರ ಸರದಿ ತಪ್ಪಿಹೋಯಿತು.

ದೆಹಲಿಯ ರಸ್ತೆಗಳು ಅಗಲ, ನಡುವೆ ಕಬ್ಬಿಣದ ಬೇಲಿ. ತಪ್ಪು ಗೇಟಿನಿಂದ ಬಂದವರು ಮೇಲಿನಿಂದ ರಸ್ತೆ ದಾಟಲು ನೋಡಬೇಡಿ, ಬಹಳ ಅಪಾಯ. ಮತ್ತೆ ಮೆಟ್ಟಿಲಿಳಿದು ಸುರಂಗದಿಂದಲೇ ಆಚೆ ಹೋಗಿ. ಟಿಕೆಟ್ ಗೇಟ್ ದಾಟಿದ ಕೂಡಲೇ ಒಂದು ನಕ್ಷೆ ಇರುತ್ತದೆ, ಯಾವ ಗೇಟಿನ ಹೊರಗೆ ಏನಿದೆ ಎಂದು ಬರೆದಿರುತ್ತದೆ. ಅಲ್ಲಿ ಒಂದು ನಿಮಿಷ ನಿಲ್ಲಿ. ಯಾರನ್ನಾದರೂ ಭೇಟಿಯಾಗುವುದಿದ್ದರೂ "ಮೆಟ್ರೊ ಹತ್ತಿರ ಇರ್ತೀನಿ" ಅನ್ನಬೇಡಿ, ಗೇಟ್ ನಂಬರು ಹೇಳಿ. ಆಟೊದವರು, ಟ್ಯಾಕ್ಸಿಯವರು ಫೋನು ಮಾಡಿ ಮೊದಲು ಕೇಳುವುದೂ ಅದನ್ನೇ: "ಕೌನ್ ಸಾ ಗೇಟ್?"

ಗೇಟಿನಿಂದ ಮನೆವರೆಗೆ

ಹೆಚ್ಚಿನ ಸ್ಟೇಷನ್ನುಗಳ ಹೊರಗೆ ಇ-ರಿಕ್ಷಾಗಳು ಸಾಲಾಗಿ ನಿಂತಿರುತ್ತವೆ. ನಾಲ್ಕು ಜನ ತುಂಬಿದ ಮೇಲೆ ಹೊರಡುತ್ತವೆ, ತಲೆಗಿಷ್ಟು ಎಂದು ಹಣ. ಹತ್ತುವ ಮುನ್ನ "ಶೇರಿಂಗ್ ಹೈ?" ಎಂದು ಕೇಳಿ. ಕೇಳದೆ ಕೂತರೆ ಪೂರ್ತಿ ಗಾಡಿ ನಿಮ್ಮದೇ ಎಂದು ಲೆಕ್ಕ ಹಾಕುವವರೂ ಇದ್ದಾರೆ.

ಆಟೊ ಹಸಿರು, ಹಳದಿ ಬಣ್ಣದ್ದು. 2023ರಲ್ಲಿ ನಿಗದಿಯಾದ ದರದ ಪ್ರಕಾರ ಮೊದಲ ಒಂದೂವರೆ ಕಿಲೊಮೀಟರಿಗೆ 30 ರೂಪಾಯಿ, ಆಮೇಲೆ ಕಿಲೊಮೀಟರಿಗೆ 11. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಕಾಲು ಭಾಗ ಹೆಚ್ಚು. "ಭೈಯಾ, ಮೀಟರ್ ಸೇ ಚಲೇಂಗೇ?" ಎಂದು ಮರ್ಯಾದೆಯಿಂದ ಕೇಳಿ. ಒಪ್ಪದವರು ಬಹಳ ಜನ, ಆದರೆ ಮೀಟರ್ ದರ ಗೊತ್ತಿದ್ದರೆ ಚೌಕಾಸಿ ಮಾಡಲು ಒಂದು ಆಧಾರ ಸಿಗುತ್ತದೆ.

ಬಸ್ಸು

ಚಾಣಕ್ಯಪುರಿಯ ಕರ್ನಾಟಕ ಭವನದಂಥ, ಮೆಟ್ರೊ ಹತ್ತಿರವಿಲ್ಲದ ಜಾಗಗಳಿಗೆ ಬಸ್ಸೋ ಆಟೊವೋ ಬೇಕೇ ಬೇಕು. ಇಲ್ಲಿನ ಬಸ್ಸು ನಮ್ಮ ಬಿಎಂಟಿಸಿಯ ಹಾಗಲ್ಲ. ಕಂಡಕ್ಟರ್ ನಿಮ್ಮ ಹತ್ತಿರ ಬರುವುದಿಲ್ಲ, ತಮ್ಮ ಸೀಟಿನಲ್ಲೇ ಕೂತಿರುತ್ತಾರೆ, ನಾವೇ ಹೋಗಿ ಟಿಕೆಟ್ ಕೇಳಬೇಕು. ಹೊಸಬರು ಕಂಡಕ್ಟರ್ ಬರಲಿ ಎಂದು ಕಾದು ಕೂತು, ತಪಾಸಣೆಯವರ ಕೈಗೆ ಟಿಕೆಟ್ ಇಲ್ಲದೆ ಸಿಕ್ಕಿಬೀಳುತ್ತಾರೆ. ಜನ ತುಂಬಿದ್ದರೆ ದುಡ್ಡನ್ನು ಕೈಯಿಂದ ಕೈಗೆ ದಾಟಿಸಿದರೆ ಟಿಕೆಟ್ಟೂ ಹಾಗೆಯೇ ಮರಳಿ ಬರುತ್ತದೆ.

ಸಾಧಾರಣ ಬಸ್ಸಿನಲ್ಲಿ 5, 10, 15 ರೂಪಾಯಿ, ಎಸಿ ಬಸ್ಸಿನಲ್ಲಿ 10ರಿಂದ 25. ಚಿಲ್ಲರೆ ಕೈಯಲ್ಲಿರಲಿ. ನಮ್ಮ ಶಕ್ತಿ ಯೋಜನೆ ಕರ್ನಾಟಕದ ಬಸ್ಸುಗಳಿಗೆ ಮಾತ್ರ. ಇಲ್ಲಿ ಆಧಾರ್ ಕಾರ್ಡ್ ತೋರಿಸಿ ಹತ್ತುವ ಲೆಕ್ಕಾಚಾರ ಬೇಡ.

ಊರು ಬಿಟ್ಟು ಹೊರಗೆ ಹೋಗುವವರಿಗೆ: ಹಿಮಾಚಲ, ಪಂಜಾಬ್, ಹರಿಯಾಣದ ಬಸ್ಸುಗಳು ಕಾಶ್ಮೀರಿ ಗೇಟ್‌ನಿಂದ, ಉತ್ತರ ಪ್ರದೇಶದ ಹೆಚ್ಚಿನವು ಆನಂದ್ ವಿಹಾರ್‌ನಿಂದ. ಎರಡೂ ಕಡೆ ಮೆಟ್ರೊ ಬಸ್ ನಿಲ್ದಾಣದ ಬುಡಕ್ಕೇ ಹೋಗುತ್ತದೆ. ಹರಿದ್ವಾರದ ಬಸ್ಸು ಎರಡೂ ಕಡೆ ಸಿಗುತ್ತದೆ.

ನೋಡುವ ಜಾಗಗಳು

ಒಂದೇ ದಿನ ಇದ್ದರೆ ವಯೊಲೆಟ್ ಮಾರ್ಗವನ್ನೇ ನೆಚ್ಚಿಕೊಳ್ಳಿ ಎನ್ನುತ್ತೇನೆ. ಬೆಳಿಗ್ಗೆ ಲಾಲ್ ಕಿಲಾ ಸ್ಟೇಷನ್ನಿನಲ್ಲಿ ಇಳಿದು ಕೆಂಪುಕೋಟೆ. ಮುಂದಿನ ಸ್ಟೇಷನ್ ಜಾಮಾ ಮಸೀದಿ, ಅದರ ಮುಂದಿನ ದಿಲ್ಲಿ ಗೇಟ್‌ನಿಂದ ರಾಜ್‌ಘಾಟ್‌ಗೆ ಇ-ರಿಕ್ಷಾ. ಮುಂದೆ ಸೆಂಟ್ರಲ್ ಸೆಕ್ರೆಟೇರಿಯಟ್‌ನಲ್ಲಿ ಇಳಿದರೆ ಕರ್ತವ್ಯ ಪಥ, ಅಲ್ಲಿಂದ ನಡೆಯುತ್ತ ಇಂಡಿಯಾ ಗೇಟ್. ಹುಮಾಯೂನನ ಗೋರಿಗೆ ಜೆಎಲ್‌ಎನ್ ಸ್ಟೇಡಿಯಂ, ಕಮಲ ಮಂದಿರಕ್ಕೆ ಕಾಲ್ಕಾಜಿ ಮಂದಿರ್. ಇಷ್ಟೂ ಒಂದೇ ಮಾರ್ಗ, ಎಲ್ಲೂ ಬದಲಿಸಬೇಕಿಲ್ಲ. ಯುಪಿಎಸ್‌ಸಿ ಇರುವ ಶಾಹಜಹಾನ್ ರಸ್ತೆಗೂ ಇದೇ ಮಾರ್ಗದ ಖಾನ್ ಮಾರ್ಕೆಟ್‌ನಿಂದ ಆಟೊ ಹಿಡಿಯಬಹುದು. ಕುತುಬ್ ಮಿನಾರ್ ಹಳದಿ ಮಾರ್ಗದಲ್ಲಿದೆ, ಆದರೆ ಸ್ಟೇಷನ್ನಿನಿಂದ ಮಿನಾರು ಕಾಣುವಷ್ಟು ಹತ್ತಿರವಿಲ್ಲ, ಆಟೊ ಬೇಕು. ಸೋಮವಾರ ಕೆಂಪುಕೋಟೆ, ಕಮಲ ಮಂದಿರ, ಅಕ್ಷರಧಾಮ ಮೂರಕ್ಕೂ ರಜೆ.

ಗುಲಾಬಿ ಮಾರ್ಗದಲ್ಲಿ ಹೋಗುವಾಗ ಭೀಕಾಜಿ ಕಾಮಾ ಪ್ಲೇಸ್ ದಾಟಿದ ಮೇಲೆ ಕಿವಿಗೊಡಿ. "ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್" ಎನ್ನುತ್ತದೆ ಆ ದನಿ. ಮುದ್ದೇನಹಳ್ಳಿಯ ನಮ್ಮ ಇಂಜಿನಿಯರರ ಹೆಸರನ್ನು ರಾಜಧಾನಿಯ ರೈಲಿನಲ್ಲಿ ಕೇಳುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಆರ್.ಕೆ. ಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘವೂ ಆ ಕಡೆಗೇ, ಅಲ್ಲಿಂದ ಆಟೊದಲ್ಲಿ ಹೋಗಬಹುದು.

ಮರಳುವ ದಿನ

ಬೆಂಗಳೂರಿನ ಕಡೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್, ರಾಜಧಾನಿ ಎರಡೂ ರಾತ್ರಿ ಎಂಟರ ಆಸುಪಾಸಿಗೆ ಹೊರಡುತ್ತವೆ. ಅಂದರೆ ನೀವು ಸಾಮಾನು ಹಿಡಿದು ಮೆಟ್ರೊ ಹತ್ತುವುದು ಸರಿಯಾಗಿ ಆಫೀಸು ಬಿಡುವ ಹೊತ್ತಿಗೆ. ತಪಾಸಣೆಯ ಸಾಲೇ ಆಗ ಹದಿನೈದು ಇಪ್ಪತ್ತು ನಿಮಿಷ ತಿನ್ನುತ್ತದೆ. ಐದು ಗಂಟೆಗೆ ಮೊದಲೇ ಮೆಟ್ರೊ ಒಳಗಿರಿ, ಉಳಿದ ಹೊತ್ತನ್ನು ರೈಲ್ವೆ ಸ್ಟೇಷನ್ನಿನಲ್ಲಿ ಕಳೆಯಿರಿ. ಡಿಸೆಂಬರ್, ಜನವರಿಯಲ್ಲಾದರೆ ಮಂಜಿನಿಂದ ಉತ್ತರದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಹೊರಡುವ ಮುನ್ನ ಗಾಡಿಯ ಸಮಯ ಒಮ್ಮೆ ನೋಡಿಕೊಳ್ಳಿ. ಮೆಟ್ರೊ ರಾತ್ರಿ ಹನ್ನೊಂದರ ಹೊತ್ತಿಗೆ ನಿಲ್ಲುತ್ತದೆ, ಕೊನೆಯ ಗಾಡಿಯ ಸಮಯ ಒಂದೊಂದು ಸ್ಟೇಷನ್ನಿಗೆ ಒಂದೊಂದು. ತಡರಾತ್ರಿ ಅಥವಾ ನಸುಕಿನ ವಿಮಾನವಿದ್ದರೆ ಹಿಂದಿನ ಸಂಜೆಯೇ ಟ್ಯಾಕ್ಸಿ ಗೊತ್ತುಮಾಡಿಡಿ.